ಕಾಫಿ ನೆಲದ ಗುತ್ತಿಗೆಯಲ್ಲಿ ಮಕ್ಕಳ ಪಾಲು

(ಬಸರೀಕಟ್ಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸಕ್ಕೆ ನಿಂತವನು ದತ್ತಿಯ ಲೆಕ್ಕದಿಂದಲೇ ಶುರು ಮಾಡುವುದು ಒಳ್ಳೆಯದು. ಮೂವತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಐದು ಸಾವಿರ ರೂಪಾಯಿ ಬ್ಯಾಂಕಿನಲ್ಲಿಟ್ಟು, ಇದರ ಬಡ್ಡಿಯಲ್ಲಿ ಬಡ ಹುಡುಗನೊಬ್ಬನ ಓದು ಸಾಗಲಿ ಎಂದರು ಅಂತಿಟ್ಟುಕೊಳ್ಳಿ. ಅಂದು ಆ ಬಡ್ಡಿಗೆ ಪುಸ್ತಕ, ಬಟ್ಟೆ ಎರಡೂ ಬರುತ್ತಿತ್ತು. ಇಂದು ನೂರಕ್ಕೆ ಏಳರಂತೆ ಸಿಗುವ ಮುನ್ನೂರೈವತ್ತು ರೂಪಾಯಿಗೆ ಒಂದು ಒಳ್ಳೆಯ ಕೊಡೆಯೂ ಬರುವುದಿಲ್ಲ. ದಾನಿಯ ಮನಸ್ಸು ಸವೆದಿಲ್ಲ, ರೂಪಾಯಿ ಸವೆದಿದೆ. ಅದೇ ಮೂವತ್ತು ವರ್ಷದಲ್ಲಿ ಈ ಪೇಟೆಯ ರಸ್ತೆ ಬದಿಯ ಐದು ಗುಂಟೆಯ ಬೆಲೆ ಎಲ್ಲಿಗೆ ಏರಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಳಬರಿಗೆ ಇದು ಗೊತ್ತಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಚಾಲುಕ್ಯರ ದಂಡನಾಯಕ ಮಧುಸೂದನ ಅಲ್ಲಿ ಘಟಿಕಾಸ್ಥಾನ ಕಟ್ಟಿಸಿದ. ವೇದ ಓದುವವರು 200, ಶಾಸ್ತ್ರ ಓದುವವರು 52, ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಜನ. ಇಷ್ಟು ಮಂದಿಯ ಅನ್ನಬಟ್ಟೆಗೆ ಅವನು ಹೊನ್ನಿನ ಗಂಟು ಇಡಲಿಲ್ಲ, ನೆಲ ಬಿಟ್ಟ. ನಮಗೆ ಇನ್ನೂ ಹತ್ತಿರದ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ನನಗೆ ಹೆಚ್ಚು ಇಷ್ಟ. ಅಲ್ಲಿ ವೇದ, ವ್ಯಾಕರಣಗಳ ಪಾಠದ ಜೊತೆಗೆ ಕುಂಟರು, ಕುರುಡರು, ದಿಕ್ಕಿಲ್ಲದವರಿಗೆ ಊಟ, ರೋಗಿಗಳಿಗೆ ಔಷಧ. ಶಾಲೆ, ಅನಾಥಾಲಯ, ಆಸ್ಪತ್ರೆ ಮೂರೂ ಒಂದೇ ಅಂಗಳದಲ್ಲಿ. ನಮ್ಮ ಪಕ್ಕದ ಶೃಂಗೇರಿಗೆ ಹರಿಹರ ಮತ್ತವನ ಸೋದರರು 1346ರಲ್ಲಿ ಬಂದು ಭಾರತೀತೀರ್ಥರಿಗೆ ಕೊಟ್ಟದ್ದೂ ಭೂಮಿಯನ್ನೇ. ಕೊಟ್ಟ ನೆಲವನ್ನು ಕಸಿದವನು ಹುಳುವಾಗಿ ಹುಟ್ಟುತ್ತಾನೆ ಎಂದು ಕೊನೆಯಲ್ಲಿ ಶಾಪ ಹಾಕಿ ಕಲ್ಲಿನ ಮೇಲೆ ಬರೆಸುತ್ತಿದ್ದರು. ಆಗಿನ ಆಡಿಟ್ ಅದು. ಈಗ ಹುಳುವಾಗುವ ಭಯ ಯಾರಿಗೂ ಉಳಿದಿಲ್ಲ, ಹಾಗಾಗಿ ಕಾನೂನಿನ ಮಾತು ಆಡಬೇಕಾಗಿದೆ.

ಶಾಸನಗಳನ್ನು ಹೊಗಳಿ ಕೂರಲಾರೆ. ಆ ನೆಲದ ಫಲ ಉಂಡು ಓದಿದ ಹುಡುಗರು ಯಾರು? ಆ ನೆಲ ಉತ್ತವರ ಮಕ್ಕಳು ಅವರಲ್ಲಿ ಇರಲಿಲ್ಲ. ಅದಕ್ಕಾಗಿಯೇ 1955ರಲ್ಲಿ ಮೈಸೂರು ಸರ್ಕಾರ ಧಾರ್ಮಿಕ ಮತ್ತು ಧರ್ಮಾರ್ಥ ಇನಾಂಗಳನ್ನು ರದ್ದು ಮಾಡಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಕಾಲದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರು ಹೊಲದೊಡೆಯರಾದರು. ಎರಡೂ ಆಗಬೇಕಾಗಿದ್ದ ಕೆಲಸ. ಆದರೆ ಎರಡು ವಿಷಯ ಉಳಿದುಹೋದವು. ಭೂಮಿತಿ ಗದ್ದೆಗೆ ಬಂತು, ಕಾಫಿ, ಏಲಕ್ಕಿ, ಮೆಣಸಿನ ಪ್ಲಾಂಟೇಶನ್‌ಗೆ ಬರಲಿಲ್ಲ. ಗೇಣಿದಾರನಿಗೆ ಡಿಕ್ಲರೇಶನ್ ಇತ್ತು, ತೋಟದ ಕೂಲಿಯವನಿಗೆ ಏನೂ ಇರಲಿಲ್ಲ. ಎಸ್ಟೇಟಿನ ಲೈನ್ ಮನೆಯಲ್ಲಿ ಹುಟ್ಟಿದ ಮಗು ಭೂಸುಧಾರಣೆಯ ಆಚೆಗೇ ಬೆಳೆಯಿತು. ಎರಡನೆಯದು 79-ಬಿ ಕಲಂ. ವಿದ್ಯಾಸಂಸ್ಥೆ, ಧರ್ಮಸಂಸ್ಥೆ, ಟ್ರಸ್ಟು, ಕಂಪನಿ ಯಾವುದೂ ಕೃಷಿಭೂಮಿ ಇಟ್ಟುಕೊಳ್ಳಬಾರದು ಎಂಬ ಆ ಕಲಂ ಜಮೀನ್ದಾರರು ಟ್ರಸ್ಟಿನ ಹೆಸರಲ್ಲಿ ನೆಲ ಬಚ್ಚಿಡುವುದನ್ನು ತಡೆಯಿತು. ನಿಜವಾಗಿ ಮಕ್ಕಳಿಗಾಗಿ ಹತ್ತು ಎಕರೆ ಬಿಡಬೇಕೆಂದವನ ಕೈಯನ್ನೂ ಕಟ್ಟಿತು. 2020ರ ತಿದ್ದುಪಡಿ ಆ ಕಲಂ ಅನ್ನೇ ತೆಗೆದುಹಾಕಿದೆ. ಬಾಗಿಲು ದುಡ್ಡಿನವರಿಗೆ ತೆರೆದದ್ದು ಎಲ್ಲರಿಗೂ ಕಾಣುತ್ತಿದೆ. ಅದೇ ಬಾಗಿಲಲ್ಲಿ ಧರ್ಮವೂ ಒಳಬರಬಹುದು ಎಂಬುದನ್ನು ಯಾರೂ ಗಮನಿಸಿದಂತಿಲ್ಲ.

ನೆಲ ಸರಿಯಾದ ಮಕ್ಕಳನ್ನು ತಲುಪಿದ ಉದಾಹರಣೆಯೂ ನಮ್ಮಲ್ಲಿದೆ. ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದಾಗ ಶಾಲೆಯೊಂದನ್ನೇ ತೆರೆದು ಸುಮ್ಮನಾಗಲಿಲ್ಲ. ದಲಿತ ಕುಟುಂಬಗಳು ನಿಲ್ಲಲು ನೆಲ ಬೇಕು ಎಂದು ಸರ್ಕಾರವನ್ನು ಕಾಡಿ ಪಡೆದರು, ಕೈಕಸುಬು ಕಲಿಸಿದರು. ಕಾಲಿಡಲು ಜಾಗವಿಲ್ಲದವನಿಗೆ ಸ್ಲೇಟು ಕೊಟ್ಟರೆ ಅದನ್ನು ಎಲ್ಲಿಟ್ಟುಕೊಂಡಾನು? ಈ ಪ್ರಶ್ನೆ ಅವರಿಗೆ ಹೊಳೆದಿತ್ತು. ಬೆಂಗಳೂರಿನ ವರ್ತಕ ಗುಬ್ಬಿ ತೋಟದಪ್ಪನವರು ಇನ್ನೊಂದು ಬಗೆ. ರೈಲು ನಿಲ್ದಾಣದ ಎದುರಿಗೆ ಛತ್ರಕ್ಕೂ ವಿದ್ಯಾರ್ಥಿನಿಲಯಕ್ಕೂ ಜಾಗ ಮಾಡಿ, ಎಲ್ಲವನ್ನೂ ಧರ್ಮಸಂಸ್ಥೆಗೆ ಬರೆದು, 1910ರಲ್ಲಿ ತೀರಿಕೊಂಡರು. ಆ ನೆಲ ಇಂದು ಮೆಜೆಸ್ಟಿಕ್. ಹಳ್ಳಿಯಿಂದ ಓದಲು ಬಂದು ಅಲ್ಲಿ ಉಳಿದವರ ಸಾಲು ನೂರು ವರ್ಷ ದಾಟಿಯೂ ನಿಂತಿಲ್ಲ. ಅವರು ಅದೇ ಹಣವನ್ನು ಬಡ್ಡಿಗೆ ಬಿಟ್ಟಿದ್ದರೆ ಇಂದು ಅವರ ಹೆಸರು ಒಂದು ರಸ್ತೆಯ ಫಲಕದಲ್ಲಿ ಮಾತ್ರ ಇರುತ್ತಿತ್ತು.

ಇನ್ನು ನಮ್ಮ ಊರಿಗೆ ಬರುತ್ತೇನೆ. ತುಂಗೆ ಅತ್ತ, ಭದ್ರೆ ಇತ್ತ, ನಡುವೆ ಅಡಿಕೆ, ಕಾಫಿ, ಕಾನು. ಇಲ್ಲಿ ‘ಹಿಂದುಳಿದ ಮಗು’ ಎಂದರೆ ಯಾರು? ನನ್ನ ಕಣ್ಣಿಗೆ ಕಾಣುವುದು ಮೂರು ಬಗೆ. ಕಾಡಂಚಿನ ಹಸಲರ, ಮಲೆಕುಡಿಯರ ಮಕ್ಕಳು. ಮಳೆಗಾಲದಲ್ಲಿ ಹಳ್ಳ ಏರಿದರೆ ಕಾಲುಸಂಕ ದಾಟಲಾಗದೆ ಅವರ ಹಾಜರಿ ಕಡಿಯುತ್ತದೆ. ಎರಡನೆಯವರು ತಲೆಮಾರುಗಳಿಂದ ಲೈನ್ ಮನೆಯಲ್ಲಿರುವ ಕೂಲಿಯವರ ಮಕ್ಕಳು. ಮನೆ ಮಾಲೀಕರದ್ದು, ಅಪ್ಪ ಅಮ್ಮ ಕೆಲಸ ಬಿಟ್ಟರೆ ಮನೆಯೂ ಹೋಯಿತು, ಶಾಲೆಯೂ ಹೋಯಿತು. ಮೂರನೆಯವರು ಈಚೆಗೆ ಕಾಣಿಸಿಕೊಂಡವರು: ಅಸ್ಸಾಂ, ಜಾರ್ಖಂಡ್‌ಗಳಿಂದ, ನಮ್ಮದೇ ಬಯಲುಸೀಮೆಯಿಂದ ಕಾಫಿ ಕೊಯ್ಲಿಗೆ ಬಂದವರ ಮಕ್ಕಳು. ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ, ರೊಬಸ್ಟಾ ಅದರ ಬೆನ್ನಿಗೆ ಮಾರ್ಚಿನವರೆಗೆ. ಶಾಲೆಯ ಪಾಠ ಮುಗಿದು ಪರೀಕ್ಷೆ ಬರುವ ಕಾಲವೂ ಅದೇ. ಕಾಫಿಯ ಪಂಚಾಂಗಕ್ಕೂ ಶಾಲೆಯ ಪಂಚಾಂಗಕ್ಕೂ ಹುಟ್ಟಿನಿಂದಲೇ ವೈರ.

ಕಾನೂನು ಇರಲಿಲ್ಲವೇ? ಇತ್ತು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಐವತ್ತು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಗೃಹ ಇರಬೇಕು ಎಂದಿತು. ಆರರಿಂದ ಹನ್ನೆರಡು ವರ್ಷದ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಿದ್ದರೆ ಶಾಲೆಯ ಏರ್ಪಾಡನ್ನೂ ಮಾಲೀಕರಿಂದ ಮಾಡಿಸಬಹುದು ಎಂದಿತು. ದೊಡ್ಡ ಕಂಪನಿ ಎಸ್ಟೇಟಿಗೆ ಹೊಲಿದ ಅಂಗಿ ಅದು. ಐದು ಎಕರೆ, ಎಂಟು ಎಕರೆ ಹಿಡುವಳಿಯ ನಮ್ಮ ಕಡೆಯ ಬೆಳೆಗಾರನ ಬಳಿ ಐವತ್ತು ಹೆಂಗಸರು ಎಲ್ಲಿಂದ ಬರಬೇಕು? ಹತ್ತು ತೋಟಗಳಲ್ಲಿ ಐದೈದು ಮಕ್ಕಳು ಚದುರಿದ್ದರೆ ಆ ಕಾಯ್ದೆಯ ಕಣ್ಣಿಗೆ ಅಲ್ಲಿ ಮಕ್ಕಳೇ ಇರಲಿಲ್ಲ. 2023ರಿಂದ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುತ್ತಿದೆ, ಒಳ್ಳೆಯದೇ. ಉದ್ಯೋಗ ಖಾತ್ರಿಯ ತಾಯಂದಿರನ್ನು ಮನಸ್ಸಿನಲ್ಲಿಟ್ಟು ಮಾಡಿದ ಯೋಜನೆಯದು, ಖಾಸಗಿ ತೋಟದ ಕೂಲಿಗೆ ಹೋಗುವ ತಾಯಿ ಅದರ ಅಂಚಿನಲ್ಲೇ ನಿಲ್ಲುತ್ತಾಳೆ.

ಈ ಸೀಮೆಯಲ್ಲಿ ನೆಲದ ಸಿಟ್ಟು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನೂ ನಾವು ನೋಡಿದ್ದೇವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿ ಎಳೆದಾಗ ಎದ್ದ ಆತಂಕ, ಅದರ ಬೆನ್ನಿಗೆ ಬಂದ ನಕ್ಸಲ್ ವರ್ಷಗಳು, 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಗುಂಡಿಗೆ ಬಿದ್ದದ್ದು, 2025ರ ಜನವರಿಯಲ್ಲಿ ಆರು ಮಂದಿ ಬಂದೂಕು ಬಿಟ್ಟು ಶರಣಾದದ್ದು. ಬಂದೂಕನ್ನು ನಾನು ಸಮರ್ಥಿಸುವವನಲ್ಲ. ಕಾಡಿಗೆ ಹೋದ ಸ್ಥಳೀಯ ಹುಡುಗ ಹುಡುಗಿಯರು ಬಂದದ್ದು ಯಾವ ಮನೆಗಳಿಂದ ಎಂದು ಕೇಳಿಕೊಳ್ಳದೆ ಮುಂದೆ ಹೋದರೆ ಅದು ಪ್ರಾಮಾಣಿಕತೆಯಲ್ಲ, ಅಷ್ಟೆ.

ಈಗ ನನ್ನ ಮುಖ್ಯ ಮಾತು. ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸರ್ಕಾರಿ ಕಂದಾಯ ಭೂಮಿಯನ್ನು ಒತ್ತಿ ಕಾಫಿ, ಮೆಣಸು, ಏಲಕ್ಕಿ ಬೆಳೆದವರಿಗೆ ಅದನ್ನು ಗುತ್ತಿಗೆಗೆ ಕೊಡಲು ಭೂ ಕಂದಾಯ ಕಾಯ್ದೆಗೆ ಈಚೆಗೆ ತಿದ್ದುಪಡಿ ಆಗಿದೆ. 2005ರ ಜನವರಿ 1ಕ್ಕಿಂತ ಮೊದಲಿನ ಒತ್ತುವರಿ, ಇಪ್ಪತ್ತೈದು ಎಕರೆಯವರೆಗೆ, ಮೂವತ್ತು ವರ್ಷದ ಅವಧಿ. ದರ ವಿಸ್ತೀರ್ಣಕ್ಕೆ ತಕ್ಕಂತೆ ಎಕರೆಗೆ ವರ್ಷಕ್ಕೆ ಒಂದು ಸಾವಿರದಿಂದ ಮೂರೂವರೆ ಸಾವಿರ ರೂಪಾಯಿ. ಅರಣ್ಯ ಜಾಗ ಇದರಲ್ಲಿ ಸೇರದು. ಒತ್ತುವರಿ ಸರಿಯೋ ತಪ್ಪೋ, ಹದಿನೈದು ಎಕರೆ ಒತ್ತಿದವನಿಗೆ ಗುತ್ತಿಗೆ, ನಿವೇಶನವಿಲ್ಲದವನಿಗೆ ಅರ್ಜಿ ಎಂಬುದು ಯಾವ ನ್ಯಾಯ ಎಂಬ ಜಗಳವನ್ನು ಇವತ್ತು ನಾನು ತೆಗೆಯುವುದಿಲ್ಲ. ಸಭೆಯಲ್ಲಿ ಎರಡೂ ಕಡೆಯವರಿದ್ದೀರಿ, ಕಾಫಿ ಕುಡಿದು ಹೋಗುವ ಆಸೆ ನನಗೂ ಇದೆ. ನಾನು ಕೇಳುವುದು ಇಷ್ಟೇ: ಆ ಗುತ್ತಿಗೆ ಹಣ ಯಾರದ್ದು?

ನೆಲ ಎಲ್ಲರದ್ದು, ಅಂದರೆ ಈ ಊರಿನ ಎಲ್ಲರದ್ದು. ಊರಿಗೆ ಗೋಮಾಳವೋ ಹುಲ್ಲುಬನ್ನಿಯೋ ಸ್ಮಶಾನವೋ ಶಾಲೆಯ ಮೈದಾನವೋ ಆಗಬಹುದಾಗಿದ್ದ ನೆಲ ಅದು. ಅದರ ಬಾಡಿಗೆ ರಾಜ್ಯದ ಸಂಚಿತ ನಿಧಿಗೆ ಹೋಗಿ ಬಿದ್ದರೆ ಬೆಂಗಳೂರಿನ ಬಜೆಟ್ ಸಮುದ್ರದಲ್ಲಿ ಅದರ ಸುಳಿವೂ ಸಿಗುವುದಿಲ್ಲ. ಒಂದು ಹೋಬಳಿಯಲ್ಲಿ ಸಾವಿರ ಎಕರೆ ಗುತ್ತಿಗೆಗೆ ಬಂತೆಂದು, ದರ ಸರಾಸರಿ ಎರಡು ಸಾವಿರವೆಂದು ಊಹಿಸಿ. ವರ್ಷಕ್ಕೆ ಇಪ್ಪತ್ತು ಲಕ್ಷ. ಅದರ ಅರ್ಧ ಆ ಹೋಬಳಿಯ ಮಕ್ಕಳಿಗೆ ಎಂದು ಕಾನೂನೇ ಹೇಳಿದರೆ ಕೊಯ್ಲಿನ ತಿಂಗಳುಗಳಲ್ಲಿ ಒಂದು ವಸತಿ, ಮಳೆಗಾಲಕ್ಕೆ ಒಂದು ಜೀಪು, ಹತ್ತನೇ ತರಗತಿ ಮುಗಿಸಿದವರಿಗೆ ಒಂದು ತರಬೇತಿ ಕೊಠಡಿ, ಇವು ದಾನಿಗಳ ಮುಖ ನೋಡದೆ ನಡೆಯುತ್ತವೆ.

ಇದು ಕನಸಿನ ಮಾತೆಂದು ಅಧಿಕಾರಿಗಳು ಹೇಳಬಹುದು. ಗಣಿಗೆ ಇದನ್ನೇ ಮಾಡಿದ್ದಾರಲ್ಲ? 2015ರಲ್ಲಿ ಗಣಿ ಕಾಯ್ದೆ ತಿದ್ದಿ, ಗಣಿಗಾರಿಕೆ ಇರುವ ಜಿಲ್ಲೆಗೊಂದು ಖನಿಜ ಪ್ರತಿಷ್ಠಾನ ಎಂಬ ಟ್ರಸ್ಟು ಮಾಡಿದರು. ಹಳೆಯ ಗುತ್ತಿಗೆದಾರರು ರಾಜಧನದ ಮೇಲೆ ನೂರಕ್ಕೆ ಮೂವತ್ತರಷ್ಟು, ಹರಾಜಿನಲ್ಲಿ ಪಡೆದವರು ನೂರಕ್ಕೆ ಹತ್ತರಷ್ಟು ಅದಕ್ಕೆ ಕೊಡಬೇಕು. ಖರ್ಚಿನಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆ ಮತ್ತು ಮಕ್ಕಳಿಗೆ ಮೊದಲ ಪಾಲು. ನಮ್ಮ ಬೆಟ್ಟದಾಚೆಯ ಕುದುರೆಮುಖದಲ್ಲಿ ಗಣಿ ನಿಂತದ್ದು 2005ರ ಡಿಸೆಂಬರ್ 31ಕ್ಕೆ. ಅದಿರು ಕೊಳವೆಯಲ್ಲಿ ಹರಿದು ಮಂಗಳೂರು ಸೇರಿದ ಅಷ್ಟು ವರ್ಷ ಇಂಥ ನಿಧಿಯ ಕಲ್ಪನೆಯೇ ಇರಲಿಲ್ಲ. ಆ ರೈಲು ತಪ್ಪಿತು. ಕಾಫಿ ನೆಲದ ಗುತ್ತಿಗೆ ಈಗಷ್ಟೇ ಹೊರಡುತ್ತಿದೆ, ಇದನ್ನಾದರೂ ಹಿಡಿಯಬೇಕು.

ಹೊರಗಿನ ಲೋಕದಲ್ಲಿ ಈ ಪ್ರಯೋಗಕ್ಕೆ ಇನ್ನೂರು ವರ್ಷದ ಮೇಲಿನ ವಯಸ್ಸಿದೆ. ಅಮೆರಿಕ 1785ರಲ್ಲಿ ಹೊಸ ನೆಲವನ್ನು ಅಳೆಯುವಾಗ ಪ್ರತಿ ಟೌನ್‌ಶಿಪ್ಪಿನ ಮೂವತ್ತಾರು ಚೌಕಗಳಲ್ಲಿ ಹದಿನಾರನೆಯದನ್ನು ಶಾಲೆಗೆಂದು ಮೀಸಲಿಟ್ಟಿತು. ಮೊದಲು ಪಡೆದ ಒಹಾಯೊ ರಾಜ್ಯ ತನ್ನ ಬಹುಪಾಲು ಶಾಲಾ ನೆಲವನ್ನು ಮಾರಿ ಕೈತೊಳೆದುಕೊಂಡಿತು. ತಡವಾಗಿ, 1912ರಲ್ಲಿ ರಾಜ್ಯವಾದ ನ್ಯೂ ಮೆಕ್ಸಿಕೊ ನೆಲ ಉಳಿಸಿಕೊಂಡು ಗುತ್ತಿಗೆಗೆ ಕೊಟ್ಟು ಹಣವನ್ನು ಶಾಶ್ವತ ನಿಧಿಯಲ್ಲಿ ಕೂಡಿಸಿತು. 2022ರ ನವೆಂಬರಿನಲ್ಲಿ ಅಲ್ಲಿನ ಮತದಾರರು ಆ ನಿಧಿಯಿಂದ ಪ್ರತಿವರ್ಷ ಇನ್ನೂ ನೂರಕ್ಕೆ ಒಂದೂಕಾಲು ಪಾಲು ತೆಗೆಯಲು ಒಪ್ಪಿದರು, ಅದರ ಹೆಚ್ಚಿನ ಭಾಗ ಶಾಲೆಗೆ ಹೋಗುವ ಮುಂಚಿನ ಪುಟ್ಟ ಮಕ್ಕಳಿಗೆ. ಮಾರಿದವರು ಒಮ್ಮೆ ಉಂಡರು, ಉಳಿಸಿದವರು ಇಂದಿಗೂ ಬಡಿಸುತ್ತಿದ್ದಾರೆ.

ಹವಾಯಿಯ ಕತೆ ಇನ್ನೂ ರಸವತ್ತಾಗಿದೆ, ಎಚ್ಚರಿಕೆಯೂ ಅದರಲ್ಲೇ ಇದೆ. ಅಲ್ಲಿನ ರಾಜಮನೆತನದ ಬರ್ನೀಸ್ ಪೌಆಹಿ ಬಿಷಪ್ 1883ರಲ್ಲಿ ಉಯಿಲು ಬರೆದು, ಸುಮಾರು ಮೂರೂಮುಕ್ಕಾಲು ಲಕ್ಷ ಎಕರೆ ಭೂಮಿಯನ್ನು ಮಕ್ಕಳ ಶಾಲೆಗೆ ಬಿಟ್ಟಳು. ಅನಾಥರಿಗೂ ನಿರ್ಗತಿಕರಿಗೂ ಆದಾಯದ ಒಂದು ಪಾಲು ಹೋಗಲೇಬೇಕು ಎಂದು ಬರೆಸಿದಳು. 1887ರಲ್ಲಿ ಶುರುವಾದ ಕಮೆಹಮೆಹ ಶಾಲೆಗಳು ಇಂದಿಗೂ ಆ ನೆಲದ ಮೇಲೆ ನಿಂತಿವೆ. ನೂರು ವರ್ಷ ಕಳೆಯುವ ಹೊತ್ತಿಗೆ ಐವರು ಟ್ರಸ್ಟಿಗಳು ವರ್ಷಕ್ಕೆ ತಲಾ ಹತ್ತು ಲಕ್ಷ ಡಾಲರ್‌ಗೆ ಹತ್ತಿರದ ಸಂಭಾವನೆ ತೆಗೆದುಕೊಳ್ಳುತ್ತಿದ್ದರು! 1997ರಲ್ಲಿ ಊರಿನ ಹಿರಿಯರು ಕೆಲವರು ಪತ್ರಿಕೆಯಲ್ಲಿ ಲೇಖನ ಬರೆದು ಬಯಲಿಗೆಳೆದರು. 1999ರ ಹೊತ್ತಿಗೆ ಐವರೂ ಮನೆಗೆ ಹೋದರು. ನೆಲ ಉಳಿದದ್ದು ಉಯಿಲಿನಿಂದ. ಕಳ್ಳತನ ನಿಂತದ್ದು ಕೇಳುವವರು ಇದ್ದುದರಿಂದ.

ನಮ್ಮಲ್ಲಿ ಕೇಳಲು ಹಾದಿ ಇಲ್ಲವೇ? ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಪ್ರಕಾರ ಸಾರ್ವಜನಿಕ ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು, ಲೆಕ್ಕ ಕೇಳಬಹುದು, ಟ್ರಸ್ಟಿಯನ್ನು ತೆಗೆಸಬಹುದು. ಇಬ್ಬರು ಸಾಕು. ಯಾರನ್ನೂ ನಂಬಲಾಗದು ಎನ್ನುವವರಿಗೆ 1890ರ ಧರ್ಮಾರ್ಥ ದತ್ತಿಗಳ ಕಾಯ್ದೆ ಇದೆ. ಬಡವರ ನೆರವಿಗೋ ಶಿಕ್ಷಣಕ್ಕೋ ಬಿಟ್ಟ ಆಸ್ತಿಯನ್ನು ಸರ್ಕಾರಿ ಖಜಾಂಚಿಯ ಹೆಸರಿನಲ್ಲಿ ಇರಿಸಿ, ಆಡಳಿತವನ್ನು ಮಾತ್ರ ಊರಿನವರು ನಡೆಸುವ ಏರ್ಪಾಡು ಅದು. ಬ್ರಿಟಿಷರ ಕಾಲದ ಈ ಕಾಯ್ದೆ ಕಪಾಟಿನಲ್ಲಿ ಧೂಳು ತಿನ್ನುತ್ತಿದೆ. ಮಲೆನಾಡಿನ ದಾನಿಗಳಿಗೆ ವಕೀಲರು ಇದರ ಹೆಸರನ್ನು ಹೇಳುವುದೇ ಅಪರೂಪ.

ವಿನೋಬಾ ಅವರ ಹೆಸರನ್ನು ಬಿಟ್ಟು ಈ ವಿಷಯ ಮುಗಿಯದು. 1951ರ ಏಪ್ರಿಲ್ 18ರಂದು ಪೋಚಂಪಲ್ಲಿಯಲ್ಲಿ ವೆದಿರೆ ರಾಮಚಂದ್ರ ರೆಡ್ಡಿ ಕೊಟ್ಟ ನೂರು ಎಕರೆಯಿಂದ ಭೂದಾನ ಶುರುವಾಯಿತು. 1957ರ ಸೆಪ್ಟೆಂಬರಿನಲ್ಲಿ ಮೈಸೂರು ಬಳಿಯ ಯಲವಾಲದಲ್ಲಿ ನೆಹರೂ ಕೂಡ ಬಂದು ಕುಳಿತ ಗ್ರಾಮದಾನ ಸಮ್ಮೇಳನ ನಡೆಯಿತು. 1963ರಲ್ಲಿ ನಮ್ಮ ರಾಜ್ಯ ಭೂದಾನ ಯಜ್ಞ ಕಾಯ್ದೆಯನ್ನೂ ಮಾಡಿತು. ಆ ಚಳವಳಿ ಇಲ್ಲಿ ಸೊರಗಿದ್ದು ದಾನದ ಕೊರತೆಯಿಂದಲ್ಲ. ಹದ್ದುಬಸ್ತು ಆಗದ ನೆಲ, ಬರಡು ನೆಲ, ವ್ಯಾಜ್ಯದ ನೆಲ ಬಂತು, ಕಾಗದ ಬರಲಿಲ್ಲ. ವಿಚಿತ್ರವೆಂದರೆ ಗ್ರಾಮದಾನದ ಬೀಜ ಮೊಳೆತದ್ದು ದೂರದ ಅಮೆರಿಕದ ಜಾರ್ಜಿಯಾದಲ್ಲಿ. ರಾಬರ್ಟ್ ಸ್ವಾನ್, ಸ್ಲೇಟರ್ ಕಿಂಗ್, ಚಾರ್ಲ್ಸ್ ಮತ್ತು ಶರ್ಲಿ ಶೆರಾಡ್ ಸೇರಿ 1969ರಲ್ಲಿ ಕಪ್ಪು ರೈತರಿಗಾಗಿ ‘ನ್ಯೂ ಕಮ್ಯುನಿಟೀಸ್’ ಎಂಬ ಸಮುದಾಯ ಭೂ ಟ್ರಸ್ಟು ಕಟ್ಟಿದರು. ಸುಮಾರು 5,700 ಎಕರೆ. ಬರ ಬಂದಾಗ ಸರ್ಕಾರಿ ಸಾಲ ಸಕಾಲಕ್ಕೆ ಸಿಗಲಿಲ್ಲ, 1985ರಲ್ಲಿ ನೆಲ ಹೋಯಿತು. ಅವರು ಕಾಗದ ಕಳೆದುಕೊಂಡಿರಲಿಲ್ಲ. ಜನಾಂಗ ತಾರತಮ್ಯದ ಮೊಕದ್ದಮೆಯಲ್ಲಿ 2009ರಲ್ಲಿ ಗೆದ್ದು, 2011ರಲ್ಲಿ ಮತ್ತೆ ಸಾವಿರದ ಆರುನೂರು ಎಕರೆ ಮೀರಿದ ಪ್ಲಾಂಟೇಶನ್ ಒಂದನ್ನು ಕೊಂಡರು.

ಈ ಕಾಗದದ ಮಾತನ್ನು ನಮ್ಮ ಶಾಲೆಗಳ ಮೇಲಿಟ್ಟು ನೋಡಿ. ಮಲೆನಾಡಿನ ಎಷ್ಟೋ ಸರ್ಕಾರಿ ಶಾಲೆಗಳು ನಿಂತಿರುವುದು ಯಾರೋ ಗೌಡರೋ ಹೆಗ್ಡೆಯವರೋ ಭಟ್ಟರೋ ‘ಕಟ್ಟಿಕೊಳ್ಳಿ, ಮಕ್ಕಳು ಓದಲಿ’ ಎಂದು ಬಾಯಿಮಾತಿನಲ್ಲಿ ಬಿಟ್ಟ ಜಾಗದ ಮೇಲೆ. ಮಾತಿಗೆ ಬೆಲೆ ಇದ್ದ ಕಾಲ. ಆದರೆ ಸ್ವತ್ತು ವರ್ಗಾವಣೆ ಕಾಯ್ದೆಯ 122, 123ನೇ ಕಲಂಗಳಿಗೆ ಆ ಮಾತು ಕೇಳಿಸದು. ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ, ದಾನಿಯ ಸಹಿ, ಇಬ್ಬರು ಸಾಕ್ಷಿ, ದಾನಿ ಬದುಕಿರುವಾಗಲೇ ಪಡೆದವರ ಒಪ್ಪಿಗೆ, ಇಷ್ಟೂ ಬೇಕು. ಇಲ್ಲದಿದ್ದರೆ ಪಹಣಿಯ ಒಂಬತ್ತನೇ ಕಲಂನಲ್ಲಿ ಅಜ್ಜನ ಹೆಸರೇ ಕೂತಿರುತ್ತದೆ. ಮೊಮ್ಮಕ್ಕಳು ಪಾಲು ಮಾಡಿಕೊಳ್ಳುವಾಗ ಶಾಲೆಯ ಮೈದಾನವೂ ಪಾಲಿಗೆ ಬರುತ್ತದೆ. ಮಕ್ಕಳ ಸಂಖ್ಯೆ ಹತ್ತಕ್ಕಿಳಿದು ಶಾಲೆ ಮುಚ್ಚಿದ ದಿನ ಬೇಲಿ ಎದ್ದಿರುತ್ತದೆ. ಮುಚ್ಚಿದ ಶಾಲೆಗಿಂತ ಮುಚ್ಚಿದ ಶಾಲೆಯ ಅನಾಥ ನೆಲ ನನಗೆ ಹೆಚ್ಚು ಚಿಂತೆಯ ವಿಷಯ. ಶಾಲೆ ಮತ್ತೆ ತೆರೆಯಬಹುದು, ಅಲ್ಲೇ ಕೊಯ್ಲುಕಾಲದ ಶಿಶುಗೃಹ ನಡೆಸಬಹುದು, ಹುಡುಗರಿಗೆ ವಾಲಿಬಾಲ್ ಅಂಗಳವಾದರೂ ಆಗಬಹುದು. ಹೋದ ನೆಲ ಬರುವುದಿಲ್ಲ.

ಕಾಡಂಚಿನ ಊರುಗಳಿಗೆ ಇನ್ನೊಂದು ದಾರಿ ಇದೆ. ‘ಸೆಕ್ಷನ್ ಫೋರ್, ಡೀಮ್ಡ್ ಅರಣ್ಯ, ಇಲ್ಲೇನೂ ಕಟ್ಟುವಂತಿಲ್ಲ’ ಎಂಬ ಉತ್ತರ ಕೇಳಿ ಕೇಳಿ ನಿಮಗೆ ಸಾಕಾಗಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಓದಿ. ಶಾಲೆ, ಅಂಗನವಾಡಿ, ವೃತ್ತಿ ತರಬೇತಿ ಕೇಂದ್ರ, ಸಮುದಾಯ ಭವನಗಳಿಗೆ ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ನೆಲ ಪಡೆಯಬಹುದು. ಹೆಕ್ಟೇರಿಗೆ ಎಪ್ಪತ್ತೈದಕ್ಕಿಂತ ಹೆಚ್ಚು ಮರ ಬೀಳಬಾರದು, ಗ್ರಾಮಸಭೆಯ ಶಿಫಾರಸು ಇರಬೇಕು. ಕಂದಾಯ ನೆಲವಾದರೆ 1964ರ ಭೂ ಕಂದಾಯ ಕಾಯ್ದೆಯ 71ನೇ ಕಲಂ ಅಡಿ ಜಿಲ್ಲಾಧಿಕಾರಿಗಳು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಬಹುದು. ಹಾಗೆ ಕಾಯ್ದಿರಿಸಿದ್ದನ್ನು ಅವರ ಮಂಜೂರಾತಿ ಇಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ.

ಬೆಳೆಗಾರ ಮಿತ್ರರು ನನ್ನ ಮಾತಿಗೆ ಮುಖ ಗಂಟಿಕ್ಕಬೇಕಾಗಿಲ್ಲ. ಗುತ್ತಿಗೆ ಹಣ ಹೇಗೂ ಕಟ್ಟುತ್ತೀರಿ. ಅದು ಎಲ್ಲಿಗೆ ಹೋಗಬೇಕು ಎಂದು ಕೇಳುವ ಹಕ್ಕು ಕಟ್ಟುವವನಿಗೇ ಹೆಚ್ಚು. ಕೂಲಿಯವರು ಸಿಗುವುದಿಲ್ಲ ಎಂದು ಪ್ರತಿ ಕೊಯ್ಲಿನಲ್ಲೂ ಗೋಳಾಡುವ ನಾವು, ಮಗುವನ್ನು ಬಿಟ್ಟುಬರಲು ಜಾಗವಿರುವ ಊರಿಗೆ ಕೂಲಿಯವರು ಮೊದಲು ಬರುತ್ತಾರೆ ಎಂಬ ಸಣ್ಣ ಲೆಕ್ಕವನ್ನು ಹಾಕಿಕೊಂಡಿಲ್ಲ.

ಆದ್ದರಿಂದ ನನ್ನ ಬೇಡಿಕೆ ಎರಡೇ. ಮುಂದಿನ ಗ್ರಾಮಸಭೆಗೆ ಬರುವಾಗ ನಿಮ್ಮ ಊರಿನ ಶಾಲೆ, ಅಂಗನವಾಡಿಗಳ ಪಹಣಿ ತೆಗೆಸಿಕೊಂಡು ಬನ್ನಿ. ಹೆಸರು ತಪ್ಪಿದ್ದರೆ, ಜಾಗ ಬಿಟ್ಟವರ ಮನೆಯವರು ನೋಂದಣಿಗೆ ಒಪ್ಪುವಂತೆ ಕೈಮುಗಿದು ಕೇಳಿ. ಅದೇ ಸಭೆಯಲ್ಲಿ, ನಮ್ಮ ಹೋಬಳಿಯ ಸರ್ಕಾರಿ ನೆಲದ ಕಾಫಿ ಗುತ್ತಿಗೆಯ ಅರ್ಧ ಪಾಲನ್ನು ಲೈನ್ ಮನೆಯ, ಕಾಡಂಚಿನ, ವಲಸೆ ಬಂದವರ ಮಕ್ಕಳ ಹೆಸರಿಗೆ ಇಡುವ ನಿಧಿ ಬೇಕೆಂದು ನಿರ್ಣಯ ಮಾಡಿ, ಕೊಪ್ಪದ ತಹಶೀಲ್ದಾರರಿಗೂ ಶಾಸಕರಿಗೂ ಜಿಲ್ಲಾಧಿಕಾರಿಗಳಿಗೂ ಕಳಿಸಿ. ಗುತ್ತಿಗೆ ಪತ್ರಗಳಿಗೆ ಸಹಿ ಬಿದ್ದು ಮೂವತ್ತು ವರ್ಷದ ಗಡಿಯಾರ ಓಡತೊಡಗುವ ಮುಂಚೆ ಈ ಕೆಲಸ ಆಗಬೇಕು. ನಿರ್ಣಯದ ಕರಡು ಬರೆದುಕೊಂಡು ಬಂದಿದ್ದೇನೆ. ಸಭೆ ಮುಗಿದ ಮೇಲೆ ಯಾರು ಬೇಕಾದರೂ ಪ್ರತಿ ತೆಗೆದುಕೊಳ್ಳಿ.